ಬೆಳಗಾಯಿತು, ಆಟ ಮುಗಿಯಲಿಲ್ಲ

ಯಕ್ಷಗಾನದಲ್ಲಿ ಒಂದು ಶಿಸ್ತಿದೆ. ರಾತ್ರಿಯಿಡೀ ಎಷ್ಟೇ ತಲೆ ಉರುಳಲಿ, ಮೂಡಣದಲ್ಲಿ ಬೆಳಕು ಹರಿದರೆ ಭಾಗವತರು ಮಂಗಳ ಹಾಡುತ್ತಾರೆ, ಜನ ಚಾಪೆ ಸುತ್ತಿಕೊಂಡು ಮನೆಗೆ ಹೊರಡುತ್ತಾರೆ. ಅಮೆರಿಕದ ಹದಿಹರೆಯದ ಪ್ರೇಮ-ಪಿಶಾಚಿ ಕಾದಂಬರಿಗಳ (ಪಿಶಾಚಿಯೆಂದರೆ ಇಲ್ಲಿ ರಕ್ತ ಹೀರುವ ವ್ಯಾಂಪೈರ್) ಮೇಳಕ್ಕೆ ಈ ಶಿಸ್ತಿಲ್ಲ. ಅಲ್ಲಿ ಕೊನೆಯ ಪುಸ್ತಕಕ್ಕೆ ‘ಬ್ರೇಕಿಂಗ್ ಡಾನ್’, ಅಂದರೆ ಬೆಳಗು ಹರಿಯುವ ಹೊತ್ತು ಎಂದೇ ಹೆಸರಿಟ್ಟರು. ಆಮೇಲೂ ಹನ್ನೆರಡು ವರ್ಷ ಚೆಂಡೆ ಬಡಿದರು.

ಸ್ಟೆಫನಿ ಮೇಯರ್ ಅವರ ‘ಟ್ವೈಲೈಟ್’ ಸರಣಿಯ ಈ ನಾಲ್ಕನೆಯ ಹಾಗೂ ‘ಕೊನೆಯ’ ಭಾಗ ಅಂಗಡಿಗೆ ಬಂದದ್ದು 2008ರ ಆಗಸ್ಟ್ 2ರಂದು, ನಡುರಾತ್ರಿ ದಾಟಿ ಒಂದು ನಿಮಿಷಕ್ಕೆ. ಮೊದಲ ಮುದ್ರಣ 37 ಲಕ್ಷ ಪ್ರತಿ. ಅಮೆರಿಕವೊಂದರಲ್ಲೇ ಮೊದಲ 24 ಗಂಟೆಯಲ್ಲಿ 13 ಲಕ್ಷ ಖರ್ಚಾಯಿತು. ಸಾವಿರ ಪ್ರತಿ ಅಚ್ಚು ಹಾಕಿ, ಗ್ರಂಥಾಲಯದ ಸಗಟು ಖರೀದಿಯ ಹಣಕ್ಕೆ ವರ್ಷಗಟ್ಟಲೆ ಬಾಗಿಲು ಕಾಯುವ ನಮ್ಮ ಪ್ರಕಾಶಕರು ಈ ವಾಕ್ಯವನ್ನು ಓದದೆ ಮುಂದೆ ಹೋಗುವುದು ಆರೋಗ್ಯಕ್ಕೆ ಒಳ್ಳೆಯದು.

ಕೊನೆಯ ಪುಸ್ತಕದ ಮೊದಲ ಲಕ್ಷಣ ತೂಕ. ಸರಣಿಯ ಮೊದಲ ಭಾಗ 500 ಪುಟದ ಆಸುಪಾಸಿನಲ್ಲಿ ನಿಂತಿತ್ತು, ಇದು 750 ದಾಟಿತು. 16 ಪುಟಕ್ಕೊಂದು ಫಾರಂ ಲೆಕ್ಕದಲ್ಲಿ 48 ಫಾರಂ, ಅಂದರೆ 384 ಹಾಳೆ. ಹಾಳೆ 0.1 ಮಿ.ಮೀ. ದಪ್ಪವೆಂದು ಹಿಡಿದರೂ ಪುಸ್ತಕದ ಬೆನ್ನು ನಾಲ್ಕು ಸೆಂಟಿಮೀಟರಿಗೆ ಹತ್ತಿರ. ಇಷ್ಟು ದಪ್ಪದ ಪೇಪರ್‌ಬ್ಯಾಕನ್ನು ಹೊಲಿಯದೆ ಬರೀ ಬಿಸಿ ಗೋಂದಿನಲ್ಲಿ ಹಿಡಿಸಿದರೆ ಏನಾಗುತ್ತದೆಂದು ಬೈಂಡಿಂಗ್ ಮಾಡುವ ಯಾರನ್ನು ಕೇಳಿದರೂ ಹೇಳುತ್ತಾರೆ. ಓದುಗಿ ಮಲಗಿಕೊಂಡು ನಡುವೆ ಬಿಡಿಸಿದ್ದೇ ತಡ, ಬೆನ್ನು ಲಟಕ್ಕೆಂದು ಎರಡಾಗುತ್ತದೆ. ಈ ಪುಸ್ತಕದೊಳಗೆ ಮೂರು ಭಾಗ. ಮೊದಲನೆಯದನ್ನೂ ಮೂರನೆಯದನ್ನೂ ನಾಯಕಿ ಬೆಲ್ಲಾ ಹೇಳುತ್ತಾಳೆ, ನಡುವಿನದು ತೋಳಮಾನವ ಜೇಕಬನ ಪಾಲು. ಹಾಗಾಗಿ ಬಿರುಕು ಬಿಡುವುದು ಅವನ ಪಾಲಿನಲ್ಲೇ. ಗೋಂದು ಕೂಡ ಬೆಲ್ಲಾಳ ಕೈಹಿಡಿದ ಪಿಶಾಚಿ ಎಡ್ವರ್ಡನ ಪಕ್ಷ.

ಎರಡನೆಯ ಲಕ್ಷಣ, ಮಿಕ್ಕ ಹುಡುಗನ ವಿಲೇವಾರಿ. ತ್ರಿಕೋನ ಪ್ರೇಮದಲ್ಲಿ ಕೊನೆಗೊಬ್ಬ ಉಳಿಯುವುದು ಗಣಿತ. ಹಳೆಯ ಕಾಲದ ಕಾದಂಬರಿಯಾದರೆ ಅವನಿಗೆ ಕ್ಷಯ ಬರಿಸಬಹುದಿತ್ತು, ಸೈನ್ಯಕ್ಕೆ ಸೇರಿಸಬಹುದಿತ್ತು, ತೀರಾ ಕೈಲಾಗದಿದ್ದರೆ ನಾಯಕಿಯ ಕೈಲಿ ರಾಖಿ ಕಟ್ಟಿಸಬಹುದಿತ್ತು. ಆದರೆ ಜೇಕಬನ ಹೆಸರಿನ ಟೀ ಶರ್ಟು ಲಕ್ಷಗಟ್ಟಲೆ ಎದೆಗಳ ಮೇಲಿದೆ. ಆ ಕಡತ ಸುಮ್ಮನೆ ಮುಚ್ಚುವಂತಿಲ್ಲ. ಲೇಖಕಿ ಕಡತವನ್ನು ವರ್ಗಾಯಿಸಿದರು: ನಾಯಕಿ ಹೆತ್ತ ಹಸುಗೂಸಿನ ಮುಖ ನೋಡಿದ ಕ್ಷಣವೇ, ಇವಳೇ ನನ್ನ ಜನ್ಮದ ಸಂಗಾತಿ ಎಂದು ಅವನ ಮನಸ್ಸಿಗೆ ಮುದ್ರೆ ಬಿತ್ತು. ಓದುಗರು ಹೌಹಾರಬಾರದೆಂದು ಪರಿಹಾರವನ್ನೂ ಪಕ್ಕದಲ್ಲೇ ಇಟ್ಟಿದ್ದಾರೆ. ಮಗು ಏಳೇ ವರ್ಷಕ್ಕೆ ಪೂರ್ತಿ ಬೆಳೆದು ನಿಲ್ಲುತ್ತದಂತೆ. ಓದುಗರು ಹೌಹಾರಿದರು. ಕೆಲವರು ಪುಸ್ತಕ ವಾಪಸ್ ಮಾಡೋಣ ಬನ್ನಿ ಎಂದು ಅಭಿಯಾನವನ್ನೇ ಹೂಡಿದರು.

ಆ ಮಗುವಿನ ಹೆಸರು ರೆನೆಸ್ಮಿ. ತಾಯಿಯ ತಾಯಿ ರೆನೀ, ತಂದೆಯ ಕಡೆಯ ಅಜ್ಜಿ ಎಸ್ಮಿ, ಎರಡನ್ನೂ ಸೇರಿಸಿ ಬೆಸುಗೆ. ನಮ್ಮಲ್ಲಿ ಇಂಥ ಬೆಸುಗೆಗೆ ಗೇಟಿನ ಪಕ್ಕದ ಗ್ರಾನೈಟ್ ಕಲ್ಲಿದೆ, ಮನೆ ಅದನ್ನು ಹೇಗೋ ಸಹಿಸಿಕೊಳ್ಳುತ್ತದೆ. ಮದುವೆ ಆಗಸ್ಟಿನಲ್ಲಿ, ಹೆರಿಗೆ ಸೆಪ್ಟೆಂಬರಿನಲ್ಲಿ, ನಡುವೆ ಒಂದು ತಿಂಗಳೂ ಇಲ್ಲ. ಬಸುರಿಗೆ ಬಯಕೆ ರಕ್ತದ್ದು. ಇಂಥ ಘೋರವನ್ನು ಹದಿಹರೆಯದವರ ಕಪಾಟಿಗೆ ಒಗ್ಗುವಂತೆ ಬಡಿಸುವುದು ಹೇಗೆ? ಇಲ್ಲಿ ಲೇಖಕಿಯ ಜಾಣ್ಮೆಗೆ ತಲೆಬಾಗಬೇಕು: ಒಳಗಿರುವುದು ಕಾಣದಂತೆ ಮುಚ್ಚಳದ ಲೋಟ, ಅದಕ್ಕೊಂದು ಸ್ಟ್ರಾ. ಇಡೀ ಪ್ರಕಾರದ ಗುಟ್ಟು ಆ ಸ್ಟ್ರಾದಲ್ಲಿದೆ.

ಮೂರನೆಯದು, ನಿಯಮಗಳ ರಜೆ. ಹೊಸದಾಗಿ ಪಿಶಾಚಿಯಾದವರಿಗೆ ಮೊದಲ ವರ್ಷ ರಕ್ತದ ಹಸಿವು ತಡೆಯಲಾಗದು, ಹತ್ತಿರ ಮನುಷ್ಯರು ಸುಳಿದರೆ ಮುಗಿಯಿತು ಎಂದು ಹಿಂದಿನ ಪುಸ್ತಕಗಳಲ್ಲಿ ಬಗೆಬಗೆಯಾಗಿ ಹೆದರಿಸಿದ್ದರು. ಮೂರನೆಯ ಭಾಗದ ಯುದ್ಧ ನಿಂತದ್ದೇ ಈ ನಿಯಮದ ಮೇಲೆ. ಬೆಲ್ಲಾ ಪಿಶಾಚಿಯಾದಳು, ಕಾಡಿಗೆ ಹೋದಳು, ಮನುಷ್ಯರ ವಾಸನೆ ಬಡಿದರೂ ಹಿಂದಕ್ಕೆ ತಿರುಗಿದಳು. ಮೊದಲ ದಿನವೇ ಪಾಸು. ಮುಖಪುಟದಲ್ಲಿ ಚದುರಂಗದ ಹಲಗೆ, ಹಿಂದೆ ಕೆಂಪು ಪದಾತಿ, ಮುಂದೆ ಬಿಳಿ ರಾಣಿ: ಎಲ್ಲರಿಗಿಂತ ದುರ್ಬಲಳಾಗಿದ್ದವಳು ರಾಣಿಯಾದಳು ಎಂಬ ಸಂಕೇತ. ಚದುರಂಗ ಬಲ್ಲವರು ಹೇಳಿಯಾರು, ಪದಾತಿ ರಾಣಿಯಾಗಲು ಹಲಗೆಯ ಆ ತುದಿಯವರೆಗೆ ಒಂದೊಂದೇ ಮನೆ ದಾಟಬೇಕೆಂದು.

ಇನ್ನು ಯುದ್ಧ. ಆ ಮಗು ಅಪಾಯಕಾರಿ ಎಂಬ ದೂರಿನ ಮೇಲೆ ಇಟಲಿಯಿಂದ ಪಿಶಾಚಿಗಳ ಆಡಳಿತ ಮಂಡಳಿ ವೋಲ್ಟುರಿ ದಂಡೆತ್ತಿ ಬರುತ್ತಿದೆ. ಬೆಲ್ಲಾ-ಎಡ್ವರ್ಡರ ಕಡೆಗೆ ಅಲಾಸ್ಕಾ, ಈಜಿಪ್ಟ್, ಐರ್ಲೆಂಡ್, ಅಮೆಜಾನ್, ರೊಮೇನಿಯಾಗಳಿಂದ ನೆಂಟರ ದಿಬ್ಬಣ. ಒಬ್ಬನಿಗೆ ಪಂಚಭೂತಗಳ ಮೇಲೆ ಹಿಡಿತ. ಒಬ್ಬಳು ಮುಟ್ಟಿದರೆ ಕರೆಂಟ್ ಹೊಡೆಯುತ್ತದೆ. ಇನ್ನೊಬ್ಬಳು ಇಲ್ಲದ್ದನ್ನು ಕಣ್ಣಿಗೆ ಕಟ್ಟಿಸುತ್ತಾಳೆ. ಅಧ್ಯಾಯಗಟ್ಟಲೆ ತಾಲೀಮು ನಡೆಯುತ್ತದೆ. ಹಿಮದ ಬಯಲಿನಲ್ಲಿ ಎರಡು ದಂಡೂ ಎದುರುಬದುರಾಗಿ ನಿಲ್ಲುತ್ತವೆ. ಮಾತಾಡುತ್ತವೆ. ಇನ್ನಷ್ಟು ಮಾತಾಡುತ್ತವೆ. ಕೊನೆಗೆ ದಕ್ಷಿಣ ಅಮೆರಿಕದಿಂದ ಒಬ್ಬ ಸಾಕ್ಷಿ ಬಂದು, ಇಂಥ ಮಕ್ಕಳಿಂದ ಅಪಾಯವಿಲ್ಲ, ನಾನೇ ಉದಾಹರಣೆ ಎಂದು ಹೇಳಿಕೆ ಕೊಡುತ್ತಾನೆ. ಪಂಚಾಯ್ತಿ ಬರಖಾಸ್ತು. ಗುಡ್ಡ ಅಗೆದು ಇಲಿ ಹಿಡಿದರು ಅನ್ನೋಣವೆಂದರೆ ಇಲಿಯೂ ಕ್ಷೇಮವಾಗಿ ಮನೆ ಸೇರಿತು. ಆ ಬಯಲಿನಲ್ಲಿ ಸತ್ತವಳು ಒಬ್ಬಳೇ, ತಪ್ಪು ದೂರು ಕೊಟ್ಟವಳು. ಅರ್ಜಿ ಸರಿಯಾಗಿ ತುಂಬಬೇಕೆಂಬುದಷ್ಟೇ ಆ ಬಯಲಿನ ಪಾಠ.

ಸಿನಿಮಾದವರಿಗೆ ಫಜೀತಿ ಶುರುವಾಯಿತು. ಒಂದು ಪುಸ್ತಕಕ್ಕೆ ಎರಡು ಟಿಕೆಟ್ ಎಂಬ ಲೆಕ್ಕ ಮೊದಲೇ ಆಗಿತ್ತು: ಮೊದಲ ಕಂತು 2011ರ ನವೆಂಬರ್ 18, ಎರಡನೆಯದು 2012ರ ನವೆಂಬರ್ 16. ಮದುವೆ, ಮಧುಚಂದ್ರ, ಬಾಣಂತನ ಮೊದಲನೆಯದಕ್ಕೆ ಸಾಲುತ್ತದೆ. ಎರಡನೆಯದಕ್ಕೆ ಉಳಿದದ್ದು ಆ ಹಿಮದ ಪಂಚಾಯ್ತಿ. ಹೊಡೆದಾಟವಿಲ್ಲದ ಕ್ಲೈಮ್ಯಾಕ್ಸಿಗೆ ಜನ ಸೀಟು ಹರಿಯುತ್ತಾರೆ. ಹೊಡೆದಾಟ ಹಾಕಿದರೆ ಪುಸ್ತಕ ಓದಿದವರು ಪರದೆ ಹರಿಯುತ್ತಾರೆ. ಹಾಗಾಗಿ ಹಾಕಿದರು, ಹಾಕಲಿಲ್ಲ ಕೂಡ. ಪ್ರಮುಖರ ತಲೆಗಳೇ ಹಾರಿ, ನೆಲ ಬಿರಿದು, ಥಿಯೇಟರಿನಲ್ಲಿ ಕಿರುಚಾಟ ಎದ್ದ ಮೇಲೆ, ಇದೆಲ್ಲ ಭವಿಷ್ಯ ಕಾಣುವ ಆಲಿಸ್ ತೋರಿಸಿದ ದೃಶ್ಯವಷ್ಟೇ ಎಂದು ತಿಳಿಯುತ್ತದೆ. ತಲೆಗಳು ವಾಪಸ್, ಟಿಕೆಟ್ ಹಣ ವಾಪಸ್ ಇಲ್ಲ. ಆ ಹಣ ಜಗತ್ತಿನಾದ್ಯಂತ 80 ಕೋಟಿ ಡಾಲರ್ ದಾಟಿತು. ಹಸುಗೂಸಿನ ಪಾತ್ರಕ್ಕೆ ಯಂತ್ರದ ಗೊಂಬೆಯೊಂದನ್ನು ಮಾಡಿಸಿ, ಅದರ ಮುಖ ನೋಡಿ ತಾವೇ ಬೆಚ್ಚಿ, ಪಕ್ಕಕ್ಕಿಟ್ಟು ಕಂಪ್ಯೂಟರಿನಿಂದ ಮುಖ ಅಂಟಿಸಿದರು. ಅಂಟಿಸಿದ್ದೂ ಸುಂದರವೇನಲ್ಲ. ಎರಡು ಕಂತಿನ ರುಚಿ ಉಳಿದವರಿಗೂ ಹತ್ತಿತು. ‘ಡೈವರ್ಜೆಂಟ್’ ಸರಣಿಯ ಕೊನೆಯ ಪುಸ್ತಕವನ್ನೂ ಹೀಗೇ ಸೀಳಿದರು. ಮೊದಲರ್ಧ 2016ರಲ್ಲಿ ಬಂದು ಮಕಾಡೆ ಮಲಗಿತು, ಉತ್ತರಾರ್ಧ ತೆರೆಗೆ ಬರಲೇ ಇಲ್ಲ. ಇಂಟರ್‌ವಲ್‌ಗೆಂದು ಎದ್ದವರು ಇನ್ನೂ ಹೊರಗೇ ಇದ್ದಾರೆ.

‘ಕೊನೆಯ’ ಪುಸ್ತಕದ ನಂತರದ ಪುಸ್ತಕಗಳ ವಿಷಯ ಚುಟುಕಾಗಿ: 2010ರಲ್ಲಿ ಒಂದು ಅಡ್ಡಕತೆ. 2015ರಲ್ಲಿ ಮೊದಲ ಭಾಗವೇ ಮತ್ತೊಮ್ಮೆ, ಹುಡುಗಿ ಹುಡುಗನಾಗಿ, ಹುಡುಗ ಹುಡುಗಿಯಾಗಿ. 2020ರ ಆಗಸ್ಟ್ 4ರಂದು ಅದೇ ಮೊದಲ ಭಾಗ ಮೂರನೆಯ ಸಲ, ಈಗ ಎಡ್ವರ್ಡನ ಬಾಯಲ್ಲಿ. ಒಂದೇ ಸಾರಿಗೆ ಮೂರು ಒಗ್ಗರಣೆ, ಬೇಳೆ ಮಾತ್ರ 2005ರದ್ದು.

ಈಚೆಗೆ ಈ ಬಗೆಯ ಸರಣಿಗಳಿಗೆ ಇನ್ನೊಂದು ಶೋಕಿ ಹತ್ತಿದೆ: ಬಣ್ಣದ ಅಂಚು. ಕಟಿಂಗ್ ಮೆಷಿನ್ನಿನಲ್ಲಿ ಮೂರೂ ಬದಿ ನಯವಾಗಿ ಕತ್ತರಿಸಿ, ಪ್ರತಿಗಳನ್ನು ಒತ್ತಿ ಬಿಗಿದು, ಹಾಳೆಗಳ ಅಂಚಿಗೆ ಬಣ್ಣ ಸಿಂಪಡಿಸುತ್ತಾರೆ. ಬಿಗಿ ಸಡಿಲವಾದರೆ ಬಣ್ಣ ಒಳಗಿಳಿದು ಅಕ್ಷರದ ಪಕ್ಕಕ್ಕೇ ಬಂದು ಕೂರುತ್ತದೆ. ಪೂರ್ತಿ ಒಣಗುವ ಮೊದಲೇ ಡಬ್ಬಿಗೆ ತುಂಬಿದರೆ ಹಾಳೆ ಹಾಳೆಯನ್ನು ಕಚ್ಚಿಕೊಳ್ಳುತ್ತದೆ. ಆಗ ನಾಲ್ಕೈದು ಹಾಳೆಯಂತೆ ಬೆರಳಿನಿಂದ ಮೆಲ್ಲಗೆ ಬಿಡಿಸಬೇಕು; ಅವಸರಪಟ್ಟರೆ ಅಂಚು ಸಿಪ್ಪೆ ಏಳುತ್ತದೆ. ಆದರೆ ಬಿಡಿಸುವವರು ಯಾರು? ಬಣ್ಣ ಕಾಣಲೆಂದು ಪುಸ್ತಕದ ಬೆನ್ನನ್ನು ಗೋಡೆಗೆ ತಿರುಗಿಸಿ, ಅಂಚನ್ನು ಜನರಿಗೆ ತೋರಿಸಿ ಇಡುವುದು ಈಗಿನ ಪದ್ಧತಿ. ಹೆಸರು ಕಾಣುವುದಿಲ್ಲ. ಯಾವ ಸರಣಿ, ಎಷ್ಟನೆಯ ಭಾಗ, ಕೊನೆಯದೋ ನಡುವಿನದೋ, ಕಪಾಟಿಗೆ ಬೇಕಿಲ್ಲ. ಓದಲಿಕ್ಕೆ ಬೇರೆ ಪ್ರತಿ ಕೊಳ್ಳಬೇಕು, ನಡುವೆ ಬಿರಿಯುವಂಥದ್ದು.

2020ರಲ್ಲಿ, ಎಡ್ವರ್ಡನ ಬಾಯಿಯ ಪುಸ್ತಕ ಬಂದ ವಾರದಲ್ಲೇ, ಈ ಲೋಕದ ಇನ್ನೆರಡು ಪುಸ್ತಕ ಬರೆಯುವ ಮನಸ್ಸಿದೆ, ರೂಪುರೇಷೆಯೂ ಇದೆ ಎಂದು ಲೇಖಕಿ ಹೇಳಿದರು. ಚಾಪೆ ಸುತ್ತಿ ಬಗಲಿಗೆ ಸಿಕ್ಕಿಸಿಕೊಂಡವರು ಅಲ್ಲೇ ನಿಂತು ವೇಷ ಕಟ್ಟುವ ಚೌಕಿಯ ಕಡೆ ನೋಡಿದರು. ಒಳಗೆ ಬಣ್ಣ ಕಲಸುತ್ತಿದ್ದರು.