ಮಾಜಿ ಸೈನಿಕರನ್ನು ನೋಡಿಕೊಳ್ಳುವ ನರ್ಸುಗಳ ಪರ ಮನವಿ ಬರೆಯುವ ಮುಂಚೆ

ಮಾಜಿ ಸೈನಿಕರನ್ನು ನೋಡಿಕೊಳ್ಳುವ ಸಿಸ್ಟರುಗಳ, ಅಂದರೆ ನರ್ಸುಗಳ, ಕಷ್ಟದ ಮಾತು ನಮ್ಮ ಶಿವಮೊಗ್ಗ ಕಡೆ ಎದ್ದರೆ ಮೊದಲು ಡಿಸಿ ಆಫೀಸಿಗೆ ಮನವಿ, ಆಮೇಲೆ ಅದರ ಫೋಟೊ. ಅಲ್ಲಿಗೆ ಮುಗೀತು. ಇದರಲ್ಲಿ ಡಿಸಿಯವರ ತಪ್ಪೇನಿಲ್ಲ. 2003ರ ಏಪ್ರಿಲ್‌ನಲ್ಲಿ ಶುರುವಾದ ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ರಕ್ಷಣಾ ಸಚಿವಾಲಯದ್ದು. ಅದರ ಚಿಕಿತ್ಸಾ ಕೇಂದ್ರವಾದ ಪಾಲಿಕ್ಲಿನಿಕ್ಕಿನ ನರ್ಸಿಂಗ್ ಸಿಬ್ಬಂದಿ ಗುತ್ತಿಗೆಯವರು. ಸಂಬಳ ಎಷ್ಟು, ಗುತ್ತಿಗೆ ಎಷ್ಟು ದಿನ, ಹುದ್ದೆ ಎಷ್ಟು ಅನ್ನೋದೆಲ್ಲ ದೆಹಲಿಯಲ್ಲೇ ತೀರ್ಮಾನ. ಇಲ್ಲಿಂದ ಕಾಗದ ಮೇಲಕ್ಕೆ ಕಳಿಸಬಹುದು, ಅಷ್ಟೇ.

ಅದೇ ಮಾಜಿ ಸೈನಿಕರು ರೆಫರಲ್ ಮೇಲೆ ಖಾಸಗಿ ಆಸ್ಪತ್ರೆ ಸೇರಿದರೆ ಅಲ್ಲಿನ ಸಿಸ್ಟರ ಸಂಬಳದ ಮಾತು ವಿಧಾನಸೌಧದ್ದು. 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಕೂತ ಕೇಂದ್ರದ ಸಮಿತಿ, 50ಕ್ಕಿಂತ ಕಡಿಮೆ ಹಾಸಿಗೆಯ ಆಸ್ಪತ್ರೆಯಲ್ಲೂ ತಿಂಗಳಿಗೆ 20,000 ರೂಪಾಯಿಗೆ ಕಡಿಮೆ ಇರಬಾರದು, 200 ದಾಟಿದರೆ ಸರ್ಕಾರಿ ನರ್ಸುಗಳಷ್ಟೇ ಕೊಡಬೇಕು ಅಂತ ಶಿಫಾರಸು ಮಾಡಿತು. ಅದನ್ನು ಜಾರಿಗೆ ತರುವ ಹೊಣೆ ರಾಜ್ಯಗಳ ಮೇಲಿದೆ. ಇದಕ್ಕೆ ಎಂಎಲ್‌ಎ ಹತ್ತಿರವೇ ಹೋಗಿ. ಎರಡನ್ನೂ ಒಂದೇ ಮನವಿಯಲ್ಲಿ ತುರುಕಿದರೆ ಆ ಸರ್ಕಾರ ಈ ಸರ್ಕಾರದ ಕಡೆ ಬೆರಳು ತೋರಿಸಿ ಸುಮ್ಮನಾಗುತ್ತೆ. (2023ರ ನರ್ಸಿಂಗ್ ಕಮಿಷನ್ ಕಾಯ್ದೆಯನ್ನು ಎಲ್ಲ ಭಾಷಣದಲ್ಲೂ ಎಳೆದು ತರುತ್ತಾರೆ. ಅದು ಓದು, ನೋಂದಣಿಗೆ ಸಂಬಂಧಿಸಿದ್ದು. ಸಂಬಳಕ್ಕೂ ಅದಕ್ಕೂ ಸಂಬಂಧವಿಲ್ಲ.)

ಇನ್ನು ಬೇಡಿಕೆ. ಹದಿನಾಲ್ಕು ಬೇಡಿಕೆಯ ಪಟ್ಟಿ ಬೇಡ, ಒಂದು ಸಾಕು. ನನ್ನ ಕೇಳಿದರೆ ಅದು ಹುದ್ದೆಯ ಲೆಕ್ಕ. ಈಗಿರುವುದು ಹೀಗೆ: ಒಂದು ಭಾಗದಲ್ಲಿ ಎಷ್ಟು ಮಾಜಿ ಸೈನಿಕರಿದ್ದಾರೆ ಅಂತ ನೋಡಿ ಪಾಲಿಕ್ಲಿನಿಕ್ಕಿನ ದರ್ಜೆ, ದರ್ಜೆ ನೋಡಿ ಸಿಬ್ಬಂದಿ. ತಲೆ ಎಣಿಸುವ ಈ ಲೆಕ್ಕದಲ್ಲಿ ಮಲೆನಾಡಿಗೆ ಯಾವತ್ತೂ ಸೋಲೇ. ಇಲ್ಲಿ ತಲೆ ಕಡಿಮೆ, ದಾರಿ ಉದ್ದ, ವಯಸ್ಸು ಜಾಸ್ತಿ. ಹೊಸನಗರದ ಆಚೆ ಹಾಸಿಗೆ ಹಿಡಿದಿರುವ ಹಿರಿಯರಿಗೆ ಲೇಟೆಕ್ಸ್ (ರಬ್ಬರಿನ) ಕ್ಯಾತಿಟರ್, ಅಂದರೆ ಮೂತ್ರದ ನಳಿಕೆ, ಹಾಕಿದ್ದರೆ ಸುಮಾರು ನಾಲ್ಕು ವಾರದೊಳಗೆ ಬದಲಿಸಬೇಕು. ಸಿಲಿಕೋನ್ ಆದರೆ ಹನ್ನೆರಡು ವಾರದ ತನಕ ನಡೆಯುತ್ತೆ. ತಡವಾದರೆ ಕಟ್ಟಿಕೊಳ್ಳುತ್ತೆ, ಸೋಂಕು, ಜ್ವರ, ಕಡೆಗೆ ಅಡ್ಮಿಟ್. ಬೆನ್ನಹುಣ್ಣು ಆಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸೋದನ್ನು ಮನೆಯವರಿಗೆ ಕೈ ಹಿಡಿದು ಕಲಿಸಬೇಕು. ಆಷಾಢದ ಮಳೆಯಲ್ಲಿ ಅವರನ್ನು ಜೀಪಿನಲ್ಲಿ ಮಲಗಿಸಿ ಪೇಟೆಗೆ ತರೋದಕ್ಕಿಂತ ಸಿಸ್ಟರೇ ಮನೆಗೆ ಹೋಗೋದು ಸಲೀಸು, ಸರ್ಕಾರಕ್ಕೂ ಅಗ್ಗ. ಹಾಗಾಗಿ ಕೇಳಬೇಕಾದದ್ದು ಇಷ್ಟೇ: ಗುಡ್ಡಗಾಡು ತಾಲೂಕುಗಳಿಗೆ ಸಿಬ್ಬಂದಿ ಲೆಕ್ಕ ಹಾಕುವಾಗ ದೂರ, ವಯಸ್ಸು ಎರಡನ್ನೂ ಸೇರಿಸಿ, ಮನೆ ಭೇಟಿಗೆ ಅಂತಲೇ ಒಂದು ನರ್ಸಿಂಗ್ ಹುದ್ದೆ ಕೊಡಿ.

ಬಾಯಿಮಾತು ದೆಹಲಿಯಲ್ಲಿ ನಡೆಯಲ್ಲ. ಬಂದುಹೋಗುವ ಮಾಜಿ ಸೈನಿಕರನ್ನೇ ಕೇಳಿ ಒಂದು ತಿಂಗಳು ಬರೆದಿಡಿ: ತಾಲೂಕು, ವಯಸ್ಸು, ಬಂದದ್ದು ಡ್ರೆಸ್ಸಿಂಗಿಗೋ ಕ್ಯಾತಿಟರಿಗೋ ಇಂಜೆಕ್ಷನ್ನಿಗೋ, ಯಾವ ವಾಹನ, ಹೋಗಿಬರಲು ಎಷ್ಟು ಹೊತ್ತು. ಹೆಸರು, ಕಾರ್ಡ್ ನಂಬರ್ ಬೇಡ. ಮಂಜೂರಾದ, ಖಾಲಿ ಇರುವ ಹುದ್ದೆಗಳ ಸಂಖ್ಯೆಗೆ ಆರ್‌ಟಿಐ ಹಾಕಿ. ಕೇಂದ್ರದ ಕಚೇರಿಗೆ 10 ರೂಪಾಯಿ ಶುಲ್ಕ, 500 ಪದದ ಮಿತಿ, ಉತ್ತರಕ್ಕೆ 30 ದಿನ.

ಆಮೇಲೆ ಎಂಪಿ. ಶಿವಮೊಗ್ಗ ಕ್ಷೇತ್ರಕ್ಕೆ ಘಟ್ಟದ ಕೆಳಗಿನ ಬೈಂದೂರೂ ಸೇರುತ್ತೆ. ಕೊಪ್ಪ, ಶೃಂಗೇರಿಯವರು ಉಡುಪಿ–ಚಿಕ್ಕಮಗಳೂರು ಎಂಪಿಯನ್ನು ಹಿಡಿಯಬೇಕು. ಅವರ ಕೈಗೆ ಮನವಿಗಿಂತ ಲೋಕಸಭೆಯಲ್ಲಿ ಕೇಳುವ ಸಿದ್ಧ ಪ್ರಶ್ನೆಯನ್ನೇ ಕೊಡಿ. ಮಿತಿ 150 ಪದ, ನೋಟಿಸಿಗೆ 15 ದಿನ. ದಿನಕ್ಕೆ ಚುಕ್ಕೆ ಗುರುತಿನವು (ಸಚಿವರು ಸದನದಲ್ಲಿ ಬಾಯಲ್ಲಿ ಉತ್ತರಿಸುವಂಥವು) 20, ಚುಕ್ಕೆ ರಹಿತವು 230, ಎಲ್ಲ ಲಾಟರಿ ಮೇಲೆ. ಚುಕ್ಕೆ ರಹಿತವಾದರೂ ಸಾಕು, ಲಿಖಿತ ಉತ್ತರ ಸಿಗುತ್ತಲ್ಲ. ‘ಇಂಥ ಪ್ರಸ್ತಾವ ಇದೆಯೇ?’ ಅಂತ ಮಾತ್ರ ಕೇಳಬೇಡಿ. ‘ಇಲ್ಲ’ ಅಂದುಬಿಟ್ಟರೆ ಮುಗೀತು. ಅಂಕಿ ಕೇಳಿ, ಕಾರಣ ಕೇಳಿ. ಸಚಿವರು ‘ಪರಿಶೀಲನೆಯಲ್ಲಿದೆ’ ಅಂದರೆ ಬೇಸರ ಬೇಡ, ಸಂಸತ್ತಿನ ಲೆಕ್ಕದಲ್ಲಿ ಅದು ಭರವಸೆ. ಮೂರು ತಿಂಗಳಲ್ಲಿ ಈಡೇರಿಸಬೇಕು, ಬೆನ್ನು ಹತ್ತೋದಕ್ಕೆ ಸರ್ಕಾರಿ ಭರವಸೆಗಳ ಸಮಿತಿಯೇ ಇದೆ. ಲೋಕಸಭೆಯ 377ನೇ ನಿಯಮದಡಿ 250 ಪದದಲ್ಲಿ ವಿಷಯ ಎತ್ತಿಸುವುದು ಇನ್ನೊಂದು ದಾರಿ.

ಲೋಕಸಭೆಗೇ ಅರ್ಜಿ ಸಲ್ಲಿಸೋದಾದರೆ ಕನ್ನಡದಲ್ಲಿ ಬರೆಯಿರಿ, ಜೊತೆಗೆ ಇಂಗ್ಲಿಷ್ ಇಲ್ಲವೇ ಹಿಂದಿ ಅನುವಾದ ಇಟ್ಟು ಅದಕ್ಕೂ ಸಹಿ ಹಾಕಿ. ಸಂಸದರೊಬ್ಬರ ಸಹಿಯೂ ಬೇಕು. ಪತ್ರಿಕೆಯ ತುಣುಕು, ಅಫಿಡವಿಟ್ ಲಗತ್ತಿಸುವಂತಿಲ್ಲ, ಆ ತಿಂಗಳಿನ ಲೆಕ್ಕವನ್ನು ಅರ್ಜಿಯ ಒಳಗೇ ಬರೆಯಬೇಕು. ಖಾಸಗಿ ಸದಸ್ಯರ ಮಸೂದೆ (ಸಚಿವರಲ್ಲದ ಸಂಸದರು ತರುವಂಥದ್ದು) ಮಾಡಿಸೋಣ ಅನ್ನುವವರಿಗೆ: ಅಂಥದ್ದು ಕೊನೆಯ ಸಲ ಕಾಯ್ದೆಯಾದದ್ದು 1970ರಲ್ಲಿ.

ಸಹಿ ಯಾರದು? ಸಿಸ್ಟರುಗಳದು ಬೇಡ. ಕೇಂದ್ರದ ಕಾಯಂ ನೌಕರರಾದರೆ 1964ರ ನಡತೆ ನಿಯಮಗಳ 20ನೇ ನಿಯಮ ಅಡ್ಡ ಬರುತ್ತೆ, ಸೇವಾ ವಿಷಯಕ್ಕೆ ರಾಜಕೀಯ ಪ್ರಭಾವ ತರುವಂತಿಲ್ಲ. ಗುತ್ತಿಗೆಯವರಿಗೆ ನವೀಕರಣದ ಭಯ. ಮಾಜಿ ಸೈನಿಕರ ಸಂಘ, ಸೈನಿಕರ ವಿಧವೆಯರು, ಮನೆಯ ಮಕ್ಕಳು ಸಹಿ ಹಾಕಲಿ. ರೋಗಿಗಳೇ ಕೇಳಿದರೆ ತೂಕವೂ ಹೆಚ್ಚು.

ಫೆಬ್ರವರಿಯ ಬಜೆಟ್ ಆದ ಮೇಲೆ ಸಂಸತ್ತಿನ ರಕ್ಷಣಾ ಸ್ಥಾಯಿ ಸಮಿತಿ ಆ ಸಚಿವಾಲಯದ ಅನುದಾನದ ಬೇಡಿಕೆಗಳನ್ನು (ಖರ್ಚಿಗೆ ಕೇಳುವ ಹಣದ ಲೆಕ್ಕ) ಪರಿಶೀಲಿಸುತ್ತೆ. ನಿಮ್ಮ ಕಾಗದ ಅದರ ಸದಸ್ಯರ ಕೈಯಲ್ಲಿ ಜನವರಿಯಲ್ಲೇ ಇರಬೇಕು ಅಂದರೆ ಆರ್‌ಟಿಐ ದಸರಾ ಮುಗಿಯುತ್ತಲೇ ಹೋಗಬೇಕು.