ಮಾಗಡಿಯ ಬಾತು ಬೇರೆ, ಸೈನಿಕ ಹುಳು ಬೇರೆ

ಗಾಳಿ, ನೀರು, ಹಕ್ಕಿಗಳ ಮೂಲಕ ಜೀವಿಗಳು ಹೊಸ ಜಾಗಕ್ಕೆ ಹರಡಿ ನೆಲೆ ವಿಸ್ತರಿಸುವುದನ್ನು ನಿಮ್ಮ ಲೇಖನದಲ್ಲಿ ಚೆನ್ನಾಗಿ ಬಿಡಿಸಿ ಹೇಳಿದ್ದೀರಿ. ಆದರೆ ಅದಕ್ಕೆ ನೀವು ಕೊಟ್ಟ ಮಾಗಡಿ ಕೆರೆಯ ಬಾತುಗಳ ಉದಾಹರಣೆ ಹೊಂದುವುದಿಲ್ಲ. ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲಕ್ಕೆ ಗದಗ ಜಿಲ್ಲೆಯ ಈ ಕೆರೆಗೆ ಬಂದು, ಬೇಸಿಗೆ ಹೊತ್ತಿಗೆ ವಾಪಸ್ ಹೋಗುತ್ತವೆ. ಮೊಟ್ಟೆ ಇಡುವುದು ಟಿಬೆಟ್, ಮಂಗೋಲಿಯಾ ಕಡೆ. ಅದು ವಲಸೆ. ಬಂದ ಜಾಗದಲ್ಲೇ ಮರಿ ಮಾಡಿ, ಅಲ್ಲೇ ಉಳಿದರೆ ಮಾತ್ರ ನೆಲೆ ವಿಸ್ತರಿಸಿತು ಅನ್ನಬಹುದು.

ನಮ್ಮ ಹಾವೇರಿ ಕಡೆ ಇದಕ್ಕೆ ಸರಿಯಾದ ಉದಾಹರಣೆ ಗೋವಿನಜೋಳದ ಬೆಳೆ ತಿನ್ನುವ ಫಾಲ್ ಸೈನಿಕ ಹುಳು. ಇದರ ಮೂಲ ಅಮೆರಿಕ ಖಂಡ. 2016ರಲ್ಲಿ ಆಫ್ರಿಕಾದಲ್ಲಿ ಕಾಣಿಸಿತು. 2018ರಲ್ಲಿ ಪಕ್ಕದ ಶಿವಮೊಗ್ಗಕ್ಕೇ ಬಂತು, ಭಾರತದಲ್ಲಿ ಅದೇ ಮೊದಲು. ಇದರ ಪತಂಗ ಒಂದೇ ರಾತ್ರಿಯಲ್ಲಿ 100 ಕಿಲೋಮೀಟರ್‌ವರೆಗೆ ಹಾರಬಲ್ಲದು. ಆದರೆ ಹಾರಿದರಷ್ಟೇ ಸಾಲದು ಅಲ್ವಾ? ಇಳಿದ ಕಡೆ ಮೇವು ಬೇಕು. ನಾವು ಮುಂಗಾರಿಗೂ ಗೋವಿನಜೋಳ ಹಾಕುತ್ತೇವೆ, ನೀರಿದ್ದರೆ ಹಿಂಗಾರಿಗೂ ಅದನ್ನೇ. ಹುಳು ಸಾಯುವಷ್ಟು ಚಳಿಯೂ ಇಲ್ಲಿಲ್ಲ. ಸುಳಿಯೊಳಗೆ ಕೂತು ತಿನ್ನುವುದರಿಂದ ಔಷಧಿ ಹೊಡೆದರೂ ಸುಲಭಕ್ಕೆ ತಗಲುವುದಿಲ್ಲ. ರೈತರು ಪಟ್ಟ ಪಾಡು ನೋಡಿದವರಿಗೇ ಗೊತ್ತು.

ಹೀಗೆ ಹರಡುವುದರಲ್ಲಿ ಮನುಷ್ಯರ ಪಾಲಿನ ಬಗ್ಗೆ ಮಾತ್ರ ಲೇಖನದಲ್ಲಿ ಒಂದೇ ಸಾಲು ಇದೆ. ಕಾಂಗ್ರೆಸ್ ಕಸ (ಪಾರ್ಥೇನಿಯಂ) ನೋಡಿ. ಒಂದೊಂದು ಗಿಡ ಸಾವಿರಾರು ಬೀಜ ಬಿಡುತ್ತದೆ. ಟ್ರ್ಯಾಕ್ಟರ್ ಗಾಲಿಗೆ ಮೆತ್ತಿದ ಮಣ್ಣು, ತಿಪ್ಪೆ ಗೊಬ್ಬರ, ಕಾಳು ಬಿಡಿಸುವ ಬಾಡಿಗೆ ರಾಶಿ ಮಷಿನ್, ಎಲ್ಲದರ ಜೊತೆಗೂ ಅದು ಹೊಲದಿಂದ ಹೊಲಕ್ಕೆ ಹೋಗುತ್ತದೆ. ಮಷಿನ್ ತೊಳೆದು ಮುಂದಿನ ಹೊಲಕ್ಕೆ ಇಳಿಸುವ ರೂಢಿ ನಮ್ಮ ಕಡೆ ಬರಲೇಬೇಕು. ದಯವಿಟ್ಟು ಇದರ ಬಗ್ಗೆಯೂ ಬರೆಯಿರಿ.