ಪಾಚಿ ತಿನ್ನುವವರಿಗೆ ಊಟ

ಎರಡೂವರೆ ಅಡಿಯ ಗಾಜಿನ ತೊಟ್ಟಿ, ಸುಮಾರು 150 ಲೀಟರ್ ನೀರು. ಅದನ್ನು ಸಮುದ್ರ ಮಾಡಬೇಕಾದರೆ ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ ಐದು ಕೆಜಿಗಿಂತ ಜಾಸ್ತಿ ಉಪ್ಪು ಬೇಕು. ಅಡುಗೆ ಉಪ್ಪಲ್ಲ, ಅಕ್ವೇರಿಯಂಗೆಂದೇ ಮಾಡಿದ್ದು. ಬಕೆಟ್‌ನಲ್ಲಿ ಕಲಕುತ್ತಾ ಕೂತಿದ್ದಾಗ ಊರಿಂದ ಬಂದಿದ್ದ ಅಮ್ಮ ಕೇಳಿದಳು, "ಇಷ್ಟು ಉಪ್ಪಲ್ಲಿ ಎರಡು ವರ್ಷದ ಮಿಡಿ ಉಪ್ಪಿನಕಾಯಿ ಆಗ್ತಿತ್ತು. ಮೀನಿಗೆ ಎಂತಕ್ಕೋ?"

ಮೀನು ಇನ್ನೂ ಬಂದೇ ಇರಲಿಲ್ಲ. ಮೊದಲು ಮೀನಿಗೆ ವಿಷವಾಗುವ ಅಮೋನಿಯಾವನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಬೆಳೆಯಬೇಕು, ಅದಕ್ಕೆ ತಿಂಗಳಾದರೂ ಬೇಕು. ಅಲ್ಲಿವರೆಗೆ ಮನೆಗೆ ಬಂದವರಿಗೆಲ್ಲ ಬರೀ ಕಲ್ಲು ತೋರಿಸುತ್ತಿದ್ದೆ.

ಮೂರನೇ ವಾರ ಮರಳಿನ ಮೇಲೆ ಯಾರೋ ಕಾಫಿಪುಡಿ ಉದುರಿಸಿದ ಹಾಗೆ ಕಂದು ಧೂಳು. ಡಯಾಟಮ್, ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ. ನೀರಿನಲ್ಲಿರುವ ಸಿಲಿಕಾದಿಂದ ಬೆಳೆಯುತ್ತದೆ, ಸಿಲಿಕಾ ಮುಗಿದರೆ ತಾನಾಗೇ ಹೋಗುತ್ತದೆ. ಸುಮ್ನೆ ಕೂತಿದ್ದರೆ ಆಗುತ್ತಿತ್ತು. ಕೂರಲಿಲ್ಲ. ಬೆಳಿಗ್ಗೆ ತಿಕ್ಕಿದೆ, ಸಂಜೆ ಮತ್ತೆ ಬಂತು. ಆವಿಯಾದ ನೀರಿನ ಬದಲಿಗೆ ದಿನಾ ಎರಡು ಚೊಂಬು ಸಿಲಿಕಾ ಇರುವ ಬೋರ್‌ವೆಲ್ ನೀರು ಸುರಿಯುತ್ತಿದ್ದವನೂ ನಾನೇ, ಅಂದರೆ ಒಂದು ಕೈಯಲ್ಲಿ ತಿಕ್ಕುತ್ತಾ ಇನ್ನೊಂದು ಕೈಯಲ್ಲಿ ಅದಕ್ಕೇ ಬಡಿಸುತ್ತಿದ್ದೆ.

ಕಂದು ಹೋಯಿತು, ಎರಡು ಕ್ಲೌನ್ ಮೀನು ಬಂದವು, ಹಿಂದೆಯೇ ಹಸಿರು ಬಂತು. ಕಲ್ಲಿನ ಮೇಲೆಲ್ಲ ಕೂದಲಿನಂಥ ಪಾಚಿ, ಪಂಪ್‌ನ ನೀರಿಗೆ ಅತ್ತಿಂದಿತ್ತ ಓಲಾಡುತ್ತಾ. ನೆತ್ತಿಯಲ್ಲಿ ಕೂದಲು ಕಮ್ಮಿಯಾಗುತ್ತಿರುವ ನನಗೆ ಇದು ಸ್ವಲ್ಪ ಜಾಸ್ತಿಯೇ ಚುಚ್ಚಿತು. ಮಲೆನಾಡಿನ ಅಮ್ಮನಿಗೆ ಪಾಚಿ ಹೊಸದಲ್ಲ, ಮಳೆಗಾಲದಲ್ಲಿ ಅಂಗಳ ಜಾರುತ್ತದೆಂದು ಅಡಿಕೆ ದಬ್ಬೆ ಹಾಸಿ ಓಡಾಡಿದವಳು. "ಒಂದು ಮುಷ್ಟಿ ಬ್ಲೀಚಿಂಗ್ ಪೌಡರ್ ಹಾಕು ಮಾರಾಯ, ಸಂಜೆಯೊಳಗೆ ಕ್ಲೀನ್!" ಕ್ಲೀನ್ ಆಗೋದು ಖಂಡಿತ, ಮೀನುಗಳ ಸಮೇತ. ಔಷಧ ಗಿಷಧ ಬೇಡ, ಪ್ರಕೃತಿಯೇ ನೋಡಿಕೊಳ್ಳಲಿ ಎಂದು ಭಾಷಣ ಮಾಡಿ ಅಂಗಡಿಗೆ ಹೊರಟೆ.

ಆರು ಟರ್ಬೋ ಬಸವನಹುಳು, ನಾಲ್ಕು ಸನ್ಯಾಸಿ ಏಡಿ, ಒಂದು ಲಾನ್‌ಮೋವರ್ ಬ್ಲೆನ್ನಿ ಮೀನು ತಂದೆ. ಬಸವನಹುಳಕ್ಕೆ ಟರ್ಬೋ ಅಂತ ಹೆಸರು! ಆದರೆ ತಿನ್ನುವುದರಲ್ಲಿ ಮೋಸವಿಲ್ಲ, ಹೋದ ದಾರಿಯೆಲ್ಲ ಬೋಳು. ಕಷ್ಟ ಏನೆಂದರೆ ಗಾಜಿನ ತುದಿವರೆಗೆ ಹತ್ತಿ ರಾತ್ರಿ 'ಟಕ್' ಅಂತ ಬೀಳುತ್ತವೆ. ಮರಳಿನಲ್ಲಿ ಅಂಗಾತ ಬಿದ್ದರೆ ಎಷ್ಟೋ ಸಲ ತಾವಾಗಿ ಮಗುಚಿಕೊಳ್ಳಲು ಆಗುವುದಿಲ್ಲ. ರಾತ್ರಿ ಎರಡಕ್ಕೆ ಭುಜದವರೆಗೆ ಉಪ್ಪುನೀರಿಗೆ ಕೈಬಿಟ್ಟು ಹುಳ ಎಬ್ಬಿಸುತ್ತಿದ್ದೆ. ಮಗು ಹುಟ್ಟಿದಾಗ ಇಷ್ಟು ಸಲ ಎದ್ದಿರಲಿಲ್ಲ ಅಂತ ಹೆಂಡತಿಯ ಲೆಕ್ಕ.

ಸನ್ಯಾಸಿ ಏಡಿ ಅಂತ ಹೆಸರಿಟ್ಟವರನ್ನು ಒಮ್ಮೆ ಭೇಟಿಯಾಗಬೇಕು. ಅದರ ಹಿಂಭಾಗ ಮೆತ್ತಗೆ, ಸ್ವಂತ ಚಿಪ್ಪಿಲ್ಲ. ಬೆಳೆದ ಹಾಗೆ ದೊಡ್ಡ ಮನೆ ಬೇಕು. ಖಾಲಿ ಚಿಪ್ಪು ಸಿಗದಿದ್ದರೆ ಬಸವನಹುಳವನ್ನು ಕೊಂದು ಅಲ್ಲೇ ಗೃಹಪ್ರವೇಶ. ಒಂದು ಬೆಳಿಗ್ಗೆ ನನ್ನ ಬಸವನಹುಳಗಳಲ್ಲೊಂದು ಸರಸರ ಓಡುತ್ತಿತ್ತು. ಟರ್ಬೋ ಹೆಸರು ಸಾರ್ಥಕ ಅಂತ ಖುಷಿಯಾಗಿ ಹತ್ತಿರ ಹೋದರೆ ಕೆಳಗೆ ಕೆಂಪು ಕಾಲುಗಳು. ಗೋಕರ್ಣದಿಂದ ತಂದು ಶೋಕೇಸಿನಲ್ಲಿಟ್ಟಿದ್ದ ಚಿಪ್ಪುಗಳನ್ನು ತೊಳೆದು ಹಾಕಿದ ಮೇಲೆ ಕೊಲೆ ನಿಂತಿತು.

ಮೂಲ ತಪ್ಪು ನನ್ನದೇ ಅಲ್ವಾ? ಲೈಟು 12 ಗಂಟೆ ಉರಿಯುತ್ತಿತ್ತು, 8ಕ್ಕೆ ಇಳಿಸಿದೆ. ಕಿಟಕಿಗೆ ಪರದೆ ಬಂತು. ಮೀನಿಗೆ ದಿನಕ್ಕೊಂದೇ ಚಿಟಿಕೆ ಊಟ. ಬೋರ್‌ವೆಲ್ ಬಿಟ್ಟು ಆರ್‌ಓ ನೀರು. ಜೊತೆಗೆ ಪಾಚಿಗೆ ಎದುರಾಳಿಯಾಗಿ ಇನ್ನೊಂದು ಪಾಚಿ, ಕೀಟೋಮಾರ್ಫಾ, ಥೇಟ್ ಪಾತ್ರೆ ತಿಕ್ಕುವ ಹಸಿರು ನಾರು. ತೊಟ್ಟಿಯ ಹಿಂದಿನ ಖಾನೆಯಲ್ಲಿ ಅದಕ್ಕೆ ಬೇರೆ ಲೈಟು. ನೈಟ್ರೇಟು, ಫಾಸ್ಫೇಟು ಹೀರಿ ದಪ್ಪಗಾಗುತ್ತದೆ, ಆಗಾಗ ಒಂದು ಹಿಡಿ ಕಿತ್ತು ಆಚೆ ಹಾಕಿದರೆ ಅವೂ ಆಚೆ. ಅಮ್ಮ ಅದನ್ನು ಒಳ್ಳೇ ಗೊಬ್ಬರ ಅಂತ ಮಲ್ಲಿಗೆ ಕುಂಡಕ್ಕೆ ಹಾಕುತ್ತಿದ್ದಳು. ಉಪ್ಪು ತೊಳೆಯದೆ. ಮಲ್ಲಿಗೆಯ ಕಥೆ ಬೇಡ.

ಎರಡು ತಿಂಗಳಲ್ಲಿ ಕಲ್ಲು ಲಕಲಕ. ಆಗ ಬ್ಲೆನ್ನಿಯ ಹೊಟ್ಟೆ ಒಳಗೆ ಹೋಯಿತು. ಅದು ಪಾಚಿ ಬಿಟ್ಟು ಬೇರೇನೂ ಮುಟ್ಟುತ್ತಿರಲಿಲ್ಲ, ಬೇರೆ ಊಟ ಹಾಕಿದರೆ ಉಗಿದು, ಕಲ್ಲಿನ ಮೇಲೆ ಕೂತು, ಎರಡು ಕಣ್ಣನ್ನೂ ಬೇರೆಬೇರೆ ತಿರುಗಿಸಿ ನನ್ನನ್ನೇ ನೋಡುವುದು. ದುಡ್ಡು ಕೊಟ್ಟು ಒಣಗಿದ ಸಮುದ್ರಪಾಚಿಯ ಹಾಳೆ ತಂದು ಕ್ಲಿಪ್ ಹಾಕಿ ಇಳಿಬಿಟ್ಟೆ, ಮೂಸಿ ಬಿಟ್ಟಿತು. ಕೊನೆಗೆ ತೊಟ್ಟಿಯ ನೀರನ್ನೇ ಬಕೆಟ್‌ಗೆ ತುಂಬಿ, ನಾಲ್ಕು ಕಲ್ಲು ಹಾಕಿ, ಬಾಲ್ಕನಿಯ ಬಿಸಿಲಿಗೆ ಇಟ್ಟೆ. ಎರಡು ವಾರ ಕಾದೆ. ಕಲ್ಲಿನ ಮೇಲೆ ಎಳೆ ಹಸಿರು ಹಬ್ಬಿದ್ದು ಕಂಡು, ಶನಿವಾರ ಒಂದು ಕಲ್ಲು ತೊಟ್ಟಿಗೆ ಇಳಿಸೋಣ ಅಂದುಕೊಂಡೆ.

ಶುಕ್ರವಾರ ಆಫೀಸಿಂದ ಬಂದರೆ ಬಕೆಟ್ ಬೋರಲಾಗಿತ್ತು. ಪಕ್ಕದಲ್ಲಿ ನಾಲ್ಕು ಕಲ್ಲು, ಬೆಳ್ಳಗೆ ಒಣಗುತ್ತಾ.

"ಎಂಥಾ ಪಾಚಿ ಕಟ್ಟಿತ್ತೋ," ಒಳಗಿಂದ ಅಮ್ಮ, "ನಿಂಗೆ ಪುರುಸೊತ್ತಿಲ್ಲ ಅಂತ ನಾನೇ ತಿಕ್ಕಿ ತೊಳೆದಿಟ್ಟಿದೀನಿ, ನೋಡು."